ಪಾದ್ರಿಯ ಹೆಲ್ಮೆಟ್ಟಿನಲ್ಲಿ ಚಾವಿಗಳು

ಆ ಶನಿವಾರ ಅಪ್ಸರಕೊಂಡದ ಗುಡ್ಡದ ತುದಿಯಲ್ಲಿ ನಮ್ಮ ಭಾವ ಕಬ್ಬಿಣದ ಬೇಲಿಯ ಆಚೆ ಕೂತಿದ್ದರೋ ಈಚೆ ಕೂತಿದ್ದರೋ, ನನಗೆ ಈಗ ಖಚಿತವಿಲ್ಲ. ಆಚೆ ಎಂದು ನನ್ನ ನೆನಪು ಹೇಳುತ್ತದೆ. ಈಚೆಯೇ ಎಂದು ಪಾದ್ರಿ ಹೇಳುತ್ತಾರೆ. ಭಾವನನ್ನು ನಾನು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಪಾದ್ರಿಯಾದವರು ಸುಳ್ಳು ಹೇಳಲಾರರು ಎಂದುಕೊಂಡರೆ ತಪ್ಪು ನನ್ನದಾಗುತ್ತದೆ. ಆದರೆ ಒಬ್ಬನ ಮಾನ ಉಳಿಸುವುದಕ್ಕೆ ಈ ಪಾದ್ರಿ ಬೇಲಿಯನ್ನೇ ಎತ್ತಿ ಎರಡು ಮಾರು ಆಚೆ ನೆಡಬಲ್ಲರು ಎಂಬುದೂ ನನಗೆ ಗೊತ್ತು.

ನೆನಪನ್ನು ನಂಬಬಾರದು ಎಂಬುದು ನಾನು ಓದಿ ಕಲಿತದ್ದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಪಿಎಚ್.ಡಿ.ಗೆಂದು ಕುಮಟೆಯ ಸುತ್ತಲಿನ ಹಳ್ಳಿಗಳಲ್ಲಿ ಗದ್ದೆ ನೆಡುವಾಗ ಹಾಡು ಹೇಳುವ ಹೆಂಗಸರ ಹಿಂದೆ ರೆಕಾರ್ಡರ್ ಹಿಡಿದು ತಿರುಗಿದವನು ನಾನು. ಸಂತೆಗುಳಿಯ ಒಬ್ಬ ಅಜ್ಜಿ ಒಂದೇ ಹಾಡನ್ನು ಎರಡು ಭೇಟಿಗಳಲ್ಲಿ ಎರಡು ಬಗೆಯಾಗಿ ಹಾಡಿದ್ದಳು. ಮೊದಲ ಸಲ ಹಾಡಿನ ಅಣ್ಣ ಹೊಳೆ ದಾಟಿ ತಂಗಿಯ ಮನೆಗೆ ಬಂದು ಉಂಡಿದ್ದ. ಎರಡನೆಯ ಸಲ ಹೊಳೆಯಲ್ಲೇ ಹೋಗಿಬಿಟ್ಟಿದ್ದ. ಎರಡನ್ನೂ ಕೇಳಿಸಿದಾಗ, ಎರಡೂ ಒಂದೇ ಅಲ್ದಾ ಎಂದು ನಕ್ಕಿದ್ದಳು. ಆ ನಗುವಿನ ಮೇಲೆ ನಾನು ಪ್ರಬಂಧದ ಒಂದು ಅಧ್ಯಾಯವನ್ನೇ ಬರೆದೆ. ಆಗ ಅದು ಬೇರೆಯವರ ರೋಗವೆಂದು ತಿಳಿದಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಕಾಗಾಲದ ಮನೆಗೆ ಬಂದರು. ಈಗ ಕುಮಟೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುತ್ತಾರೆ. ಹಿಮದ ಬೆಟ್ಟದ ಮೇಲೆ ಎಲ್ಲೋ ಒಂದು ಪೋಸ್ಟಿನಲ್ಲಿ ಅವರ ಪಕ್ಕದಲ್ಲೇ ತೋಪಿನ ಗುಂಡು ಬಿದ್ದು ಸಿಡಿದಿತ್ತು. ಜೊತೆಗಿದ್ದವರು ಉಳಿಯಲಿಲ್ಲ. ಇಷ್ಟನ್ನು ಅಕ್ಕ ನನಗೆ ಹೇಳಿದ್ದು, ಅಕ್ಕನಿಗೆ ಅವರು ಹೇಳಿದ್ದು ಇನ್ನೂ ಕಡಿಮೆ. ಅವರ ಕಿವಿಯೊಳಗೆ ಒಂದು ಸದ್ದು ಅಂದಿನಿಂದ ನಿಂತಿಲ್ಲ. ನಿದ್ದೆ ಬರುವುದಿಲ್ಲ. ಮಲಗಿದವರು ಎದ್ದು ಹೋಗಿ ಚಿಲಕ ಮುಟ್ಟಿ ನೋಡುತ್ತಾರೆ, ಮತ್ತೆ ಬಂದು ಮಲಗುತ್ತಾರೆ, ಮತ್ತೆ ಏಳುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದು ನಾನು ಹೇಳಿದಾಗಲೆಲ್ಲ, ನಂಗೆಂತ ಆಗಿದೆ ಎಂದು ಕೇಳಿ ಪೇಪರು ಬಿಡಿಸಿಕೊಳ್ಳುತ್ತಿದ್ದರು.

ಅವರು ನಿವೃತ್ತಿಯ ದುಡ್ಡಲ್ಲಿ ಒಂದು ಬುಲೆಟ್ ಬೈಕ್ ತೆಗೆದುಕೊಂಡರು. ಅದರ ಹಿಂದೆಯೇ ಪಾದ್ರಿಯ ಸಂಗವೂ ಬಂತು.

ಈ ಪಾದ್ರಿ ಹೊನ್ನಾವರದವರು. ಮನೆಮಾತು ಕೊಂಕಣಿ. ಸೈನ್ಯದಲ್ಲಿ ಪಲ್ಟನ್ನಿಗೊಬ್ಬ ಧರ್ಮಗುರು ಇರುತ್ತಾರಂತೆ, ಪಂಡಿತರೋ ಮೌಲವಿಯೋ ಪಾದ್ರಿಯೋ, ಜವಾನರು ಯಾರು ಹೆಚ್ಚಿದ್ದಾರೆ ಎಂಬುದರ ಮೇಲೆ. ಅವರಿಗೆ ಸಮವಸ್ತ್ರವಿದೆ, ಪಟ್ಟಿಯಿದೆ, ಜವಾನರು ಸಾಹೇಬ ಎನ್ನುತ್ತಾರೆ. ಇವರು ಆ ಕೆಲಸ ಮಾಡಿ ಊರಿಗೆ ಬಂದು, ಭಾನುವಾರ ಒಂದು ಸಣ್ಣ ಚರ್ಚಿನಲ್ಲಿ ಪ್ರಾರ್ಥನೆ ನಡೆಸುತ್ತ, ಉಳಿದ ದಿನ ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ಮಾಜಿ ಸೈನಿಕರ ಮನೆಮನೆಗೆ ಹಳೆಯ ಬುಲೆಟ್ಟಿನಲ್ಲಿ ತಿರುಗುತ್ತಿದ್ದರು. ಎರಡನೇ ಶನಿವಾರ ಬ್ಯಾಂಕಿಗೆ ರಜೆ, ಪಾದ್ರಿಗೂ ಬಿಡುವು. ಆವತ್ತು ಗಾಡಿ ಇದ್ದವರೆಲ್ಲ ಕುಮಟೆಯಲ್ಲಿ ಹೆದ್ದಾರಿಯ ಬದಿಯ ಮೈದಾನದಲ್ಲಿ ಸೇರಿ ಭಟ್ಕಳದವರೆಗೆ ಹೋಗಿ ಬರುತ್ತಿದ್ದರು. ಅವರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಉಳಿದವರು ನಮ್ಮ ಭಾವನಂಥವರು.

ಪಾದ್ರಿಯ ಸಂಗ ಎಂಬ ಮಾತು ನಮ್ಮ ನೆಂಟರ ಬಾಯಲ್ಲಿ ಬೇಗ ಓಡಾಡಿತು. ಒಂದು ದಿನ ಹೆಸರೂ ಬದಲಾಗುತ್ತದೆ ನೋಡುತ್ತಿರು ಎಂದು ಒಬ್ಬರು ಅಕ್ಕನಿಗೆ ಹೇಳಿ ಹೋಗಿದ್ದರು. ನನಗೆ ಆ ಭಯವಿರಲಿಲ್ಲ. ನನ್ನ ಅನುಮಾನ ಬೇರೆ. ಡಾಕ್ಟರು ನೋಡಬೇಕಾದ ಮನುಷ್ಯನಿಗೆ ಒಬ್ಬರು ಪ್ರಾರ್ಥನೆ ಕೊಟ್ಟು ಸಮಾಧಾನ ಮಾಡುತ್ತಿದ್ದಾರೆ, ಇವರು ಆ ಸಮಾಧಾನಕ್ಕೆ ಒಗ್ಗಿಹೋಗುತ್ತಾರೆ, ಒಂದು ದಿನ ಅದು ಸಾಲದೆ ಬರುತ್ತದೆ ಎಂದು. ಭಾವನ ಎದುರು ಅಂದಾಗ ಅವರು, ಫೌಜಿನಲ್ಲಿ ಮಂದಿರ್ ಪರೇಡ್ ಅಂತ ಇರ್ತದೆ, ಎಲ್ಲ ದೇವರಿಗೂ ಸಾಲಾಗಿ ನಿಲ್ತೇವೆ, ಪಂಡಿತರು ರಜೆಗೆ ಹೋದಾಗ ಈ ಪಾದ್ರಿಯೇ ಕಾಯಿ ಒಡೆದವರು ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಆ ಶುಕ್ರವಾರ ಅಕ್ಕನ ಫೋನು ಬಂತು. ಭಾವ ನಾಲ್ಕು ದಿನಗಳಿಂದ ಸರಿಯಾಗಿ ಉಂಡಿಲ್ಲ, ಟ್ರಂಕಿನಿಂದ ಪದಕಗಳನ್ನೆಲ್ಲ ತೆಗೆದು ಒರೆಸಿ ಮಗಳ ಕಪಾಟಿನಲ್ಲಿ ಇಟ್ಟಿದ್ದಾರೆ, ಎಂತಕ್ಕೆ ಎಂದರೆ ಹೇಳುವುದಿಲ್ಲ. ನಾಳೆ ಆ ಗಾಡಿಯವರ ಜೊತೆ ನೀನೂ ಹೋಗು ಎಂದಳು. ನನ್ನ ಸ್ಕೂಟರಿನಲ್ಲಿ ಅವರ ಸಮಕ್ಕೆ ಹೋಗಲಾದೀತೇ ಎಂದರೆ, "ತಮಾ, ಹಿಂದೆ ಹೋಗು. ಅವರು ಕಾಣ್ತಾ ಇದ್ರೆ ಸಾಕು" ಎಂದಳು.

ಮೈದಾನದಲ್ಲಿ ನನ್ನ ಸ್ಕೂಟರ್ ನಿಂತದ್ದು ನೋಡಿ ಎಲ್ಲರಿಗಿಂತ ಮೊದಲು ಬಾಯಿ ಹಾಕಿದವರು ಒಬ್ಬರು, ಎಲ್ಲರ ಬಾಯಲ್ಲೂ ಅವರು ಭಟ್ಕಳದವರು ಎಂದೇ. ಅವರು ನೌಕಾಪಡೆಯಲ್ಲಿದ್ದು ಬಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ಮನೆಯಲ್ಲಿ ನವಾಯತಿ ಮಾತು, ಅಂಗಡಿಯಲ್ಲಿ ಉರ್ದು, ನಮ್ಮ ಜೊತೆ ತಮ್ಮದೇ ಕನ್ನಡ.

"ಪ್ರೊಫೆಸರ್ ಸಾಬ್, ಇದು ಗಾಡಿಯೋ ಹೊಲಿಗೆ ಮಿಷನ್ನೋ? ದಾರೀಲಿ ನನ್ನ ಪ್ಯಾಂಟಿಗೆ ಒಂದು ಹೊಲಿಗೆ ಹಾಕಿ ಕೊಡಿ."

ಭಾವ ನಕ್ಕರು. ನಕ್ಕದ್ದು ನೆನಪಿದೆ, ಅಥವಾ ನಗಲಿ ಎಂದು ನಾನು ಬಯಸಿದ್ದು ನೆನಪಿದೆ.

ಹೊರಡುವ ಮೊದಲು ಅವರದೊಂದು ಕ್ರಮವಿತ್ತು. ಪಾದ್ರಿ ತಮ್ಮ ಹೆಲ್ಮೆಟ್ಟನ್ನು ಬುಲೆಟ್ಟಿನ ಟ್ಯಾಂಕಿನ ಮೇಲೆ ಅಂಗಾತ ಇಡುತ್ತಾರೆ. ಎಲ್ಲರೂ ಬಂದು ತಮ್ಮ ಗಾಡಿಯ ಚಾವಿಯನ್ನು ಅದರೊಳಗೆ ಹಾಕುತ್ತಾರೆ. ಪಾದ್ರಿ ಅದರ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ನಾಲ್ಕು ಮಾತು, ಹಿಂದಿಯಲ್ಲಿ ಎರಡು ಮಾತು ಪ್ರಾರ್ಥಿಸುತ್ತಾರೆ. ನನ್ನ ಕಣ್ಣಿಗೆ ಅದು ವಾಹನಪೂಜೆಯೇ, ನಿಂಬೆಹಣ್ಣು ಮಾತ್ರ ಇರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ಚಾವಿ ವಾಪಸು ಕೊಡುತ್ತಾರೆ. ಕೊಡುವ ಮೊದಲು ಒಂದೇ ಪ್ರಶ್ನೆ: "ನಿದ್ದೆ ಆತಾ?"

ಆತು ಎಂದವನಿಗೆ ಚಾವಿ. ಇಲ್ಲ ಎಂದವನ ಚಾವಿ ಪಾದ್ರಿಯ ಕಿಸೆಗೆ. ಅವನು ಆವತ್ತು ಇನ್ನೊಬ್ಬರ ಹಿಂದೆ ಕೂತು ಬರಬೇಕು, ಅವನ ಗಾಡಿ ಮೈದಾನದಲ್ಲೇ ಇರುತ್ತದೆ. ಯಾಕೆ ನಿದ್ದೆಯಿಲ್ಲ ಎಂದು ಯಾರೂ ಕೇಳಕೂಡದು, ನಗಕೂಡದು. ನಿದ್ದೆಗೆಟ್ಟ ಡ್ರೈವರುಗಳು ಲಾರಿ ಸಮೇತ ಬೆಟ್ಟದಿಂದ ಕೆಳಗೆ ಹೋದದ್ದನ್ನು ಪಾದ್ರಿ ನೋಡಿದ್ದರಂತೆ, ಅವರ ಪೆಟ್ಟಿಗೆಗಳ ಮುಂದೆ ನಿಂತು ಪ್ರಾರ್ಥನೆ ಓದಿದ್ದರಂತೆ. ಅಷ್ಟರಿಂದ ಹುಟ್ಟಿದ ಕ್ರಮ ಅದು. ಭಾವ ಪ್ರತಿ ಸಲ ಆತು ಎಂದೇ ಹೇಳುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

ಆವತ್ತು ಅವರು ಇಲ್ಲ ಎಂದರು. ಪಾದ್ರಿ ಅವರ ಮುಖ ನೋಡಿದರು, ಚಾವಿ ಕಿಸೆಗೆ ಹಾಕಿದರು, ಆತು ಹವಾಲ್ದಾರ್ರೆ, ಯಾರ ಹಿಂದೆ ಕೂರ್ತೀರಿ ಎಂದಷ್ಟೇ ಕೇಳಿದರು. ಗಾಡಿ ಅವರ ಕೈಯಲ್ಲಿಲ್ಲ, ಇನ್ನೇನು ಭಯ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು ಎಂದು ಈಗ ಅನ್ನಿಸುತ್ತದೆ.

ಸಾಲಿನಲ್ಲಿ ಹೋಗುವುದಕ್ಕೂ ನಿಯಮವಿತ್ತು. ಹಗಲಲ್ಲೂ ಎಲ್ಲರ ದೀಪ ಉರಿಯುತ್ತಿರಬೇಕು. ಪ್ರತಿಯೊಬ್ಬನೂ ಕನ್ನಡಿಯಲ್ಲಿ ತನ್ನ ಹಿಂದಿನ ದೀಪ ನೋಡುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ಅವನು ನಿಂತರೆ ಮುಂದಿನವನೂ ನಿಲ್ಲುತ್ತಾನೆ, ಹೀಗೆ ಸಾಲೇ ನಿಲ್ಲುತ್ತದೆ. ಪಾದ್ರಿ ಎಲ್ಲರಿಗಿಂತ ಹಿಂದೆ. ಪ್ರತಿ ನಿಲುಗಡೆ ಬಿಡುವಾಗ ಅವರು ಮುಂದಿನ ಗಾಡಿಗಳನ್ನು ಎಣಿಸುತ್ತಾರೆ. ಯಾರೂ ದಾರಿಯಲ್ಲಿ ಕಳೆದುಹೋಗದ ಹಾಗೆ ಮಾಡಿದ ಲೆಕ್ಕ. ಆದರೆ ಆ ಲೆಕ್ಕ ಗಾಡಿಗಳದ್ದು. ಗಾಡಿ ಇಲ್ಲದ ಮನುಷ್ಯನಿಗೆ ಅದರಲ್ಲಿ ಜಾಗವಿರಲಿಲ್ಲ, ಅವನಿಗೆ ದೀಪವಿಲ್ಲ.

ಕುಮಟೆಯಿಂದ ಹೊನ್ನಾವರದವರೆಗೆ ಭಾವ ಭಟ್ಕಳದವರ ಹಿಂದೆ ಕೂತಿದ್ದರು. ಹೊನ್ನಾವರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಚಾಕ್ಕೆ ನಿಂತೆವು. ಹೊರಡುವಾಗ ಅವರು ಮತ್ತೆ ಭಟ್ಕಳದವರ ಹಿಂದೆಯೇ ಹತ್ತಿದ್ದನ್ನು ನಾನು ನೋಡಿದ್ದೇನೆ. ನೀಲಿ ಶರ್ಟು, ಬಲಗೈ ಸೀಟಿನ ಹಿಡಿಕೆಯ ಮೇಲೆ. ಈಗಲೂ ಕಣ್ಣೆದುರು ಇದೆ. ಹಾಗೆ ಆಗಿರಲು ಸಾಧ್ಯವೇ ಇಲ್ಲ. ಬೆಳಗ್ಗೆ ಮೈದಾನದಲ್ಲಿ ಕಂಡದ್ದನ್ನು ನನ್ನ ತಲೆ ಹೊನ್ನಾವರಕ್ಕೆ ತಂದು ಅಂಟಿಸಿರಬೇಕು. ಸೇತುವೆ ದಾಟಿ ಮುಂದೆ ಹೋಗುವಷ್ಟರಲ್ಲಿ ಬುಲೆಟ್ಟುಗಳು ನನ್ನ ಸ್ಕೂಟರನ್ನು ಹಿಂದೆ ಬಿಟ್ಟು, ಯಾರ ಹಿಂದೆ ಯಾರು ಕೂತಿದ್ದಾರೆಂದು ತಿಳಿಯದಷ್ಟು ಮುಂದೆ ಹೋದವು. ನನ್ನ ಹಿಂದೆ ಪಾದ್ರಿಯ ದೀಪ ಮಾತ್ರ ಇತ್ತು.

ಭಟ್ಕಳದಲ್ಲಿ ಆ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ಎಲ್ಲರೂ ಇಳಿದು ಬೆನ್ನು ಚಾಚುತ್ತಿದ್ದರು. ಭಾವ ಎಲ್ಲಿ ಎಂದು ಕೇಳಿದೆ. ಭಟ್ಕಳದವರು, ಅವರು ನಿಮ್ಮ ಹಿಂದೆ ಬರ್ತೇನೆ ಅಂದ್ರಲ್ಲ ಎಂದರು. ಹೊನ್ನಾವರದಲ್ಲಿ ಭಾವ ಅವರಿಗೆ, ಭಾವಮೈದ ಒಬ್ಬನೇ ಆಗಿದ್ದಾನೆ, ಅವನ ಜೊತೆ ಬರ್ತೇನೆ ಎಂದಿದ್ದರಂತೆ. ನನಗೆ ಏನೂ ಹೇಳಿರಲಿಲ್ಲ. ಅಷ್ಟು ಹೊತ್ತು ಎಲ್ಲರ ಕನ್ನಡಿಯಲ್ಲಿ ದೀಪ ಕಾಣುತ್ತಿತ್ತು, ಎಲ್ಲ ಸರಿಯಾಗಿತ್ತು.

ಫೋನು ಮಾಡಿದೆವು. ರಿಂಗಾಗುತ್ತಿತ್ತು, ಎತ್ತಲಿಲ್ಲ. ಎತ್ತದೆ ರಿಂಗಾಗುವ ಫೋನಿಗಿಂತ ಆಫ್ ಆದ ಫೋನು ವಾಸಿ ಎಂದು ನನಗೆ ಆವತ್ತು ತಿಳಿಯಿತು. ರಿಂಗು ಎಲ್ಲಿ ಕೇಳಿಸುತ್ತಿದೆ, ಯಾರ ಕಿಸೆಯಲ್ಲಿ, ಯಾವ ಬಂಡೆಯ ಮೇಲೆ ಎಂದು ಮನಸ್ಸು ಹುಡುಕುತ್ತ ಹೋಗುತ್ತದೆ. ಪಾದ್ರಿ ಯಾರನ್ನೂ ಬೈಯಲಿಲ್ಲ. ಅವರ ಮುಖ ಮಾತ್ರ ಬೂದಿಯಾಗಿತ್ತು. ತಾವೇ ಚಾವಿ ಇಟ್ಟುಕೊಂಡು ಆ ಮನುಷ್ಯನನ್ನು ಲೆಕ್ಕದಿಂದ ಹೊರಗೆ ಹಾಕಿದ್ದೇವೆ ಎಂಬುದು ಅವರಿಗೆ ನಮಗಿಂತ ಮೊದಲು ಹೊಳೆದಿರಬೇಕು. ಭಟ್ಕಳದವರು ಹೊನ್ನಾವರದ ತಮ್ಮ ಗುರುತಿನವರಿಗೆಲ್ಲ ಫೋನು ಹಚ್ಚತೊಡಗಿದರು. ಪಾದ್ರಿ ನನಗೆ, ಸ್ಕೂಟರ್ ಇಲ್ಲೇ ಇರಲಿ, ಹಿಂದೆ ಹತ್ತಿ ಎಂದರು.

ಆ ದಾರಿ ನನಗೆ ಮುಗಿಯಲೇ ಇಲ್ಲ. ಮೀನಿನ ಲಾರಿಗಳು, ರಸ್ತೆ ಅಗಲ ಮಾಡಲು ಅಗೆದ ಕೆಂಪು ಮಣ್ಣು, ತಿರುವುಗಳಲ್ಲಿ ಒಂದೇ ಪಥಕ್ಕೆ ಸೇರಿಸುವ ಹಳದಿ ಡ್ರಮ್ಮುಗಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಶರಾವತಿಯ ಸೇತುವೆ ಒಂದೇ. ನಾವು ಮುರ್ಡೇಶ್ವರದ ಕಮಾನು ದಾಟುವಾಗ ಅಕ್ಕನ ಫೋನು ಬಂತು. ಗಾಳಿಯಲ್ಲಿ ಕೇಳಿಸದು ಎಂದುಕೊಂಡು ಎತ್ತದೆ ಬಿಡಬಹುದಿತ್ತು. ಎತ್ತಿದೆ.

"ತಮಾ, ಅವರು ಊಟಕ್ಕೆ ಬರ್ತಾರಾ? ಬಂಗಡೆ ತಂದಿದ್ದೆ."

ಬರ್ತಾರೆ, ಇಲ್ಲೇ ಇದ್ದಾರೆ ಎಂದೆ. ಅವಳು ಇನ್ನೇನೋ ಕೇಳುವ ಮೊದಲು ಗಾಳಿಯ ನೆಪ ಹೇಳಿ ಇಟ್ಟೆ. ಪಾದ್ರಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಸೇತುವೆಗೆ ಇನ್ನೂ ದೂರವಿರುವಾಗಲೇ ಅವರು ಗಾಡಿಯನ್ನು ಎಡಕ್ಕೆ, ಸಮುದ್ರದ ಕಡೆಗೆ ತಿರುಗಿಸಿದರು. ಸೇತುವೆ ನೋಡೋಣ, ಮೊದಲು ಸೇತುವೆ ಎಂದು ನಾನು ಅವರ ಹೆಗಲು ಅಲುಗಿಸಿದೆ. ಸೇತುವೆಯ ಮೇಲೆ ಏನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಭಟ್ಕಳದವರಿಗೆ ಫೋನು ಬಂದಿರುತ್ತಿತ್ತು ಎಂದರು. ಎಷ್ಟು ತಣ್ಣಗೆ ಅಂದರೆಂದರೆ ನನಗೆ ಅವರ ಮೇಲೆ ಸಿಟ್ಟು ಬಂತು. ಹಿಂದಿನ ಸಲ ಬಂದಾಗ ಭಾವ ಅಪ್ಸರಕೊಂಡದಲ್ಲಿ ನಿಲ್ಲೋಣ ಎಂದಿದ್ದರಂತೆ. ಅಲ್ಲಿ ಒಂದು ಕಡೆ ಜಲಪಾತದ ನೀರು, ಇನ್ನೊಂದು ಕಡೆ ಸಮುದ್ರ. ಎರಡೂ ಸೇರಿದರೆ ಕಿವಿಯೊಳಗಿನ ಸದ್ದು ಅಡಗುತ್ತದೆ ಎಂದಿದ್ದರಂತೆ. ಇದನ್ನು ಅವರು ಅಕ್ಕನಿಗೆ ಹೇಳಿರಲಿಲ್ಲ. ಇವರಿಗೆ ಹೇಳಿದ್ದರು.

ಶನಿವಾರವಾದ್ದರಿಂದ ಗುಡ್ಡದ ಮೇಲೆ ಜನವಿತ್ತು. ಯಾವುದೋ ಊರಿನಿಂದ ಬಂದ ಕುಟುಂಬವೊಂದು ಚೌಚೌ ತಿನ್ನುತ್ತ ಫೋಟೋ ತೆಗೆದುಕೊಳ್ಳುತ್ತಿತ್ತು. ಅವರನ್ನು ದಾಟಿ ಮುಂದೆ ಹೋದರೆ ಬೇಲಿಯ ಕೊನೆ. ಅಲ್ಲಿ ನೀಲಿ ಶರ್ಟು. ಚಿರೆಕಲ್ಲಿನ ಮೇಲೆ ಕೂತ ಭಾವ, ಬೆನ್ನು ನಮಗೆ, ಮುಖ ಸಮುದ್ರಕ್ಕೆ. ನನ್ನ ನೆನಪಿನಲ್ಲಿ ಬೇಲಿಯ ಕಂಬಿಗಳು ಅವರ ಬೆನ್ನಿನ ಮೇಲೆ ಅಡ್ಡಲಾಗಿ ಹಾದುಹೋಗುತ್ತವೆ. ಅಂದರೆ ಅವರು ಆಚೆ. ಅವು ಕಂಬಿಗಳಲ್ಲ, ಗಾಳಿಮರದ ನೆರಳು ಇರಬಹುದು ಎಂದು ಪಾದ್ರಿ ಹೇಳುತ್ತಾರೆ.

ನಾನು ಓಡಲು ಹೊರಟೆ. ಪಾದ್ರಿ ನನ್ನ ಮುಂಗೈ ಹಿಡಿದರು. ಓಡಬೇಡಿ ಎಂದು ಪಿಸುಗುಟ್ಟಿ, ತಾವೇ ಸಾವಕಾಶ ನಡೆದು, ಹೆಲ್ಮೆಟ್ ತೆಗೆದು, ಭಾವನಿಂದ ಒಂದು ಕೈ ಅಂತರದಲ್ಲಿ ನೆಲಕ್ಕೆ ಕುಳಿತರು. ಮಂಡಿ ನೋವಿನ ಮನುಷ್ಯ, ಕೂರಲು ಹೊತ್ತು ಹಿಡಿಯಿತು. ನಾನು ಅಲ್ಲೇ ನಿಂತೆ. ದೇವರ ಮಾತು ಶುರುವಾಗುತ್ತದೆ, ಆ ಮಾತು ಈ ಮನುಷ್ಯನಿಗೆ ಈಗ ಸಾಲದೆ ಬರುತ್ತದೆ ಎಂದುಕೊಂಡೆ.

ಪಾದ್ರಿ ದೇವರ ಹೆಸರೆತ್ತಲಿಲ್ಲ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಮಂಡಿ ನೀವಿಕೊಂಡರು. ಆಮೇಲೆ ಭಾವನೇ ತಿರುಗದೆ ಮಾತಾಡಿದರು.

"ಸಾಹೇಬ್ರೆ, ನಮ್ಮನ್ನೆಲ್ಲ ಕೇಳ್ತೀರಿ. ನಿಮ್ಮನ್ನ ಯಾರು ಕೇಳೂದು?"

"ಯಾರೂ ಕೇಳೂದಿಲ್ಲ."

"ನಿಮಗೆ ನಿದ್ದೆ ಆತಾ?"

ಪಾದ್ರಿ ಸಮುದ್ರ ನೋಡಿದರು. "ಇಲ್ಲ ಹವಾಲ್ದಾರ್ರೆ. ಭಾಳ ದಿನ ಆತು."

ಆಮೇಲೆ ಅವರು ಕಿಸೆಗೆ ಕೈ ಹಾಕಿದರು. ಭಾವನ ಚಾವಿ ತೆಗೆಯುತ್ತಾರೆ ಎಂದುಕೊಂಡೆ. ತೆಗೆದದ್ದು ತಮ್ಮದೇ ಬುಲೆಟ್ಟಿನ ಚಾವಿ. ಅದನ್ನು ಭಾವನ ಕಡೆ ಚಾಚಿದರು. ಇದು ನಿಮ್ಮ ಹತ್ರ ಇರ್ಲಿ, ನಾ ಇವತ್ತು ಓಡಿಸುವ ಹಾಗಿಲ್ಲ ಎಂದರು. ಆ ಕೈ ಬೇಲಿಯ ಮೇಲಿಂದ ಹೋಯಿತು ಎಂಬುದು ನನ್ನ ನೆನಪು. ಅವರ ಬಿಳಿ ಅಂಗಿಯ ತೋಳಿಗೆ ತುಕ್ಕಿನ ಗೆರೆ ಹತ್ತಿದ್ದನ್ನು ನಾನು ಆಮೇಲೆ ನೋಡಿದ್ದೇನೆ. ಎದ್ದೇಳಲು ಬೇಲಿ ಹಿಡಿದೆ, ಅದರದ್ದು ಎಂದು ಅವರ ವಿವರಣೆ.

ಭಾವ ಚಾವಿ ತೆಗೆದುಕೊಂಡರು. ಅಂಗೈಯಲ್ಲಿಟ್ಟು ನೋಡಿದರು. ಇನ್ನೊಬ್ಬನ ಚಾವಿ ಹಿಡಿದವನು ಅವನ ಹೊಣೆ ಹೊರಬೇಕು. ಅದು ಅವರ ಕ್ರಮ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಭಾವ ಎದ್ದರು. ಇಷ್ಟು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ: ಅವರು ಎದ್ದು ಬಂದು ಪಾದ್ರಿಯ ಕಂಕುಳಿಗೆ ಕೈ ಕೊಟ್ಟು ಅವರನ್ನು ಎಬ್ಬಿಸಿದರು.

ಆಮೇಲೆ ಭಾವ ನನ್ನತ್ತ ತಿರುಗಿ, ನಿಂಗೆ ನಿದ್ದೆ ಆತಾ ಎಂದರು. ಶುಕ್ರವಾರ ಅಕ್ಕನ ಫೋನು ಬಂದಮೇಲೆ ನಾನೂ ಕಣ್ಣು ಮುಚ್ಚಿರಲಿಲ್ಲ, ಬೆಳಗ್ಗೆ ಚಾವಿಗಾಗಿ ಆತು ಎಂದಿದ್ದೆ. ಹಾಗೆಂದೆ. ಮೂವರಲ್ಲಿ ಯಾರೂ ಗಾಡಿ ಓಡಿಸುವಂತಿರಲಿಲ್ಲ. ಗಾಳಿಮರದ ಬುಡದಲ್ಲಿ ಮೂವರೂ ಕೂತೆವು. ಪಾದ್ರಿ ಭಟ್ಕಳಕ್ಕೆ ಫೋನು ಮಾಡಿದರು. ನಂತರ ಮೆಲ್ಲಗೆ, ಡಾಕ್ಟರ ಹತ್ರ ಹೋಪನ ಹವಾಲ್ದಾರ್ರೆ, ಇಬ್ಬರೂ ಹೋಪನ, ನನ್ನ ಹೆಸರೂ ಬರೆಸ್ತೆ ಎಂದರು. ನಾನು ವರ್ಷವಿಡೀ ಹೇಳಿದ್ದೂ ಅದನ್ನೇ. ನನಗೆ ಬರುತ್ತಿದ್ದ ಉತ್ತರ ಅವರಿಗೆ ಬರಲಿಲ್ಲ. ಭಾವ ಚಾವಿಯ ಬಳೆಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರು.

ಭಟ್ಕಳದವರು ಅಂಗಡಿಯ ವ್ಯಾನಿನಲ್ಲಿ ಬಂದರು. ಇಳಿದವರೇ ಮೂವರನ್ನೂ ಸಾಲಾಗಿ ನೋಡಿ, ಒಬ್ಬ ಫೌಜಿ, ಒಬ್ಬ ಪಾದ್ರಿ, ಒಬ್ಬ ಪ್ರೊಫೆಸರ್, ಮೂರೂ ಜನಕ್ಕೆ ಗಾಡಿ ಬಿಡ್ಲಿಕ್ಕೆ ಬರೂದಿಲ್ಲ, ಯಾ ಅಲ್ಲಾ ಎಂದು ಹಣೆ ಮುಟ್ಟಿಕೊಂಡರು. ಹಿಂದಕ್ಕೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ಅಥವಾ ಅದು ಬೆವರು. ವ್ಯಾನಿನಲ್ಲಿ ಕುಮಟೆ ತಲುಪುವವರೆಗೆ ಭಾವ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಅಕ್ಕನ ಬಂಗಡೆ ಮೀನಿನ ಸಾರು ತಣ್ಣಗಾಗಿತ್ತು. ಉಂಡರು.

ಈಗ ಅವರು ಡಾಕ್ಟರ ಹತ್ತಿರ ಹೋಗುತ್ತಾರೆ, ಪಾದ್ರಿಯೂ ಹೋಗುತ್ತಾರೆ. ಎರಡನೇ ಶನಿವಾರ ಪಾದ್ರಿಯ ಚಾವಿಯೂ ಹೆಲ್ಮೆಟ್ಟಿನೊಳಗೆ ಬೀಳುತ್ತದೆ. ಅವರನ್ನು ಕೇಳುವವರು ಭಾವ. ಹೊರಡುವಾಗ ಗಾಡಿಯ ಜೊತೆ ತಲೆಯನ್ನೂ ಎಣಿಸುತ್ತಾರೆ. ಆದರೂ ಅಕ್ಕನ ಹೆಸರು ಫೋನಿನಲ್ಲಿ ಬೆಳಗಿದರೆ ನಾನು ಮೊದಲ ರಿಂಗಿಗೇ ಎತ್ತುತ್ತೇನೆ. ಆವತ್ತು ಅವರು ಮರಳಿ ಬರಬೇಕೆಂದು ಅಲ್ಲಿಗೆ ಹೋಗಿದ್ದರೇ, ಇಲ್ಲವೇ? ಬೇಲಿಯ ಯಾವ ಕಡೆ ಎಂಬುದರಿಂದ ಅದಕ್ಕೆ ಉತ್ತರ ಸಿಗುತ್ತದೆ ಎಂದು ತಿಂಗಳುಗಟ್ಟಲೆ ಆ ಕಂಬಿಗಳನ್ನೇ ಮನಸ್ಸಿನಲ್ಲಿ ಎಳೆದಾಡಿದೆ. ಹೊನ್ನಾವರದಿಂದ ಆ ಗುಡ್ಡಕ್ಕೆ ಅವರು ಹೋದದ್ದಾದರೂ ಹೇಗೆ ಎಂಬ ಪ್ರಶ್ನೆ ಬಹಳ ತಡವಾಗಿ ಹೊಳೆಯಿತು.

ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರಿನ ಆಟೋದವರನ್ನು ವಿಚಾರಿಸಿದೆ. ಮೂರನೆಯ ಸಲ ಹೋದಾಗ, ಆವತ್ತು ಭಾವನನ್ನು ಗುಡ್ಡಕ್ಕೆ ಬಿಟ್ಟವನು ಸಿಕ್ಕಿದ. ನಾನು ಹೇಳಿಕೊಡದೆಯೇ ನೀಲಿ ಶರ್ಟು, ಕತ್ತರಿಸಿದ ಮೀಸೆ, ಮಿಲಿಟರಿ ನಡಿಗೆ ಎಂದ. ಅವನಿಗೆ ಇನ್ನೂ ಸಿಟ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಬಾ, ಕುಮಟಾ ಬಸ್ಸಿಗೆ ಬಿಡು ಎಂದು ಹೇಳಿ ಇಳಿದಿದ್ದರಂತೆ. ಇವನು ಬೇರೆ ಬಾಡಿಗೆ ಬಿಟ್ಟು ಅಷ್ಟು ದೂರ ಹೋದರೆ ಗುಡ್ಡದ ಮೇಲೆ ಆ ಮನುಷ್ಯನೇ ಇಲ್ಲ. ಜೊತೆಯ ಇನ್ನೊಬ್ಬ ಆಟೋದವನೂ ಹೌದೆಂದ, ಆ ದಿನವಿಡೀ ಇದೇ ಬೈಗುಳ ಕೇಳಿದ್ದೆ ಎಂದ. ಭಾವ ಆಟೋ ವಾಪಸು ಬರಲು ಹೇಳಿದ್ದರು.